ಪ್ರಶ್ನೆ ಕೇಳಿದ್ದೇನು, ನಾವು ಬರೆದಿದ್ದೇನು?

ಮುಖ್ಯ ಪರೀಕ್ಷೆಯ ಅಂಕಗಳು ಹೊರಬಿದ್ದಾಗಲೆಲ್ಲ ಓದುವ ಹುಡುಗ–ಹುಡುಗಿಯರ ಬಾಯಲ್ಲಿ ಒಂದೇ ಮಾತು: ‘ಪುಟ ತುಂಬ ಬರೆದಿದ್ದೆ, ಅಂಕ ಮಾತ್ರ ಬರಲಿಲ್ಲ’. ಇತಿಹಾಸದ ಪ್ರಬಂಧ ರೂಪದ ಪ್ರಶ್ನೆಗಳ ವಿಷಯದಲ್ಲಂತೂ ಈ ಅಳಲು ಹೆಚ್ಚು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆಎಎಸ್‌ಗೆ ಓದುತ್ತಿರುವ ನಾನು ಮೂವರು ಗೆಳೆಯರೊಂದಿಗೆ ಪ್ರತಿ ಭಾನುವಾರ ಉತ್ತರಗಳನ್ನು ಅದಲುಬದಲು ಮಾಡಿಕೊಂಡು ತಿದ್ದುತ್ತೇನೆ. ಅಲ್ಲಿ ನನಗೆ ಕಂಡದ್ದು ಇಷ್ಟು: ಮಾಹಿತಿಗೆ ಬರವಿಲ್ಲ. ಇಸವಿ, ಒಪ್ಪಂದ, ಹೆಸರು ಎಲ್ಲವೂ ಇರುತ್ತವೆ. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಇರುವುದಿಲ್ಲ.

ಇದರ ಬೇರು ನಮ್ಮ ತರಗತಿಗಳಲ್ಲೇ ಇದೆ. ಪಿಯುಸಿಯಿಂದ ಪದವಿಯವರೆಗೆ ನಾವು ಎದುರಿಸುವ ಹೆಚ್ಚಿನ ಪ್ರಶ್ನೆಗಳು ‘ಇಂಥವರ ಸಾಧನೆಗಳನ್ನು ವಿವರಿಸಿ’, ‘ಇಂಥ ಯುದ್ಧದ ಕಾರಣ ಮತ್ತು ಪರಿಣಾಮಗಳನ್ನು ತಿಳಿಸಿ’ ಎಂಬ ಮಾದರಿಯವು. ಗೈಡಿನಲ್ಲಿರುವ ಎಂಟು ಉಪಶೀರ್ಷಿಕೆಗಳನ್ನು ನೆನಪಿಟ್ಟು ಒಪ್ಪಿಸಿದರೆ ಸಾಕು. ಉತ್ತರ ಉದ್ದವಿದ್ದಷ್ಟೂ ಅಂಕ ಹೆಚ್ಚು ಎಂಬ ನಂಬಿಕೆ ಬೇರೆ. ಐದಾರು ವರ್ಷ ಹೀಗೆ ಪಳಗಿದ ಕೈಗೆ ‘ಈ ಮಾತು ಎಷ್ಟರ ಮಟ್ಟಿಗೆ ಸರಿ?’ ಎಂಬ ಪ್ರಶ್ನೆ ಬಂದರೂ ಅದು ಬರೆಯುವುದು ಆ ಎಂಟು ಉಪಶೀರ್ಷಿಕೆಗಳನ್ನೇ.

ಒಂದು ಉದಾಹರಣೆ ನೋಡೋಣ. ‘1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಳ್ಳಲು ಅರಸರ ದುರಾಡಳಿತವೇ ಕಾರಣ. ಈ ಹೇಳಿಕೆ ಎಷ್ಟರ ಮಟ್ಟಿಗೆ ಸರಿ?’ ನಮ್ಮ ಭಾನುವಾರದ ಅಭ್ಯಾಸಕ್ಕೆ ನಾನೇ ರೂಪಿಸಿದ ಪ್ರಶ್ನೆ ಇದು. ಬಂದ ಉತ್ತರಗಳಲ್ಲಿ ಹೆಚ್ಚಿನವು 1799ರಲ್ಲಿ ಟಿಪ್ಪು ಮರಣದಿಂದ ಆರಂಭವಾಗಿ, ಪೂರ್ಣಯ್ಯನವರ ದಿವಾನಗಿರಿ ದಾಟಿ, ಮಾರ್ಕ್ ಕಬ್ಬನ್‌ನ ಸುಧಾರಣೆಗಳಲ್ಲಿ ಮುಗಿದವು. ಒಂದೂ ಸುಳ್ಳಲ್ಲ. ಆದರೆ ‘ಎಷ್ಟರ ಮಟ್ಟಿಗೆ’ ಎಂಬ ಪದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಆ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಮೂರು ಎಳೆ ಸಿಗುತ್ತವೆ. ಮೊದಲನೆಯದು ಕಾಲ. 1831ರ ನಂತರದ ಕಬ್ಬನ್ ಆಡಳಿತ ಇಲ್ಲಿ ಬೇಕಿಲ್ಲ. ಎರಡನೆಯದು ಪ್ರಶ್ನೆಯೊಳಗೆ ಅಡಗಿರುವ ವಾದ. ‘ದುರಾಡಳಿತವೇ’ ಎಂಬಲ್ಲಿನ ‘ಏ’ಕಾರ ಬೇರೆಲ್ಲ ಕಾರಣಗಳನ್ನೂ ಬದಿಗೊತ್ತುತ್ತದೆ. ನಾವು ಪರೀಕ್ಷಿಸಬೇಕಾದದ್ದು ಅದನ್ನೇ. ಮೂರನೆಯದು ಆಜ್ಞೆಯ ಪದ. ‘ವಿವರಿಸಿ’ ಎಂದರೆ ಏನಾಯಿತು, ಹೇಗಾಯಿತು ಎಂದು ಹೇಳಬೇಕು. ‘ಚರ್ಚಿಸಿ’ ಎಂದರೆ ಹಲವು ಮಗ್ಗುಲು ತೋರಿಸಬೇಕು. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’, ‘ಎಷ್ಟರ ಮಟ್ಟಿಗೆ’ ಎಂದರೆ ಪರ–ವಿರೋಧ ತೂಗಿ ತೀರ್ಪು ಕೊಡಬೇಕು.

ಇಷ್ಟು ಸ್ಪಷ್ಟವಾದ ಮೇಲೆ ಉತ್ತರದ ನಕ್ಷೆಗೆ ಐದು ಸಾಲು ಸಾಕು. ಒಂದು, ನಮ್ಮ ನಿಲುವು: ದುರಾಡಳಿತ ಇತ್ತು, ಆದರೆ ಅದೊಂದೇ ಕಾರಣವಲ್ಲ. ಎರಡು, ಹೇಳಿಕೆಯ ಪರವಾಗಿ: ಶರತ್ತು ಪದ್ಧತಿಯಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ತರುವುದಾಗಿ ಒಪ್ಪಿ ರೈತರನ್ನು ಹಿಂಡಿದರು, ರೈತರು ಕೂಟ ಸೇರಿ ಪ್ರತಿಭಟಿಸಿದರು, 1830–31ರಲ್ಲಿ ನಗರ ದಂಗೆ ಹಬ್ಬಿತು, 1833ರ ವಿಚಾರಣಾ ಸಮಿತಿಯ ವರದಿಯೂ ದುರಾಡಳಿತದತ್ತಲೇ ಬೊಟ್ಟು ಮಾಡಿತು. ಮೂರು, ಹೇಳಿಕೆಯ ಆಚೆ: 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಪೊಗದಿ ಕೊಡಬೇಕಿತ್ತು, ಆ ಹಣಕ್ಕೆ ಧಕ್ಕೆ ಬರುವಂತಿದ್ದರೆ ಆಡಳಿತಕ್ಕೆ ಕೈಹಾಕುವ ಅವಕಾಶವನ್ನು ಕಂಪನಿ ಮೊದಲೇ ಬರೆಸಿಕೊಂಡಿತ್ತು, ಕೆಳದಿ ಅರಸರ ವಾರಸುದಾರ ತಾನೆಂದು ಬೂದಿ ಬಸವಪ್ಪ ನಾಯಕ ಮುಂದೆ ಬಂದದ್ದು ದಂಗೆಗೆ ಬೇರೆಯೇ ಬಣ್ಣ ಕೊಟ್ಟಿತು. ನಾಲ್ಕು, ತೂಕ ಬದಲಿಸುವ ಸಾಕ್ಷ್ಯ: ಗವರ್ನರ್ ಜನರಲ್ ಬೆಂಟಿಂಕ್ ಸ್ವತಃ 1834ರಲ್ಲಿ ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿಸುವ ಸಲಹೆ ಮಾಡಿದ್ದ. ಐದು, ತೀರ್ಪು: ದುರಾಡಳಿತ ನೆಪ ಒದಗಿಸಿತು, ಒಪ್ಪಂದ ದಾರಿ ಒದಗಿಸಿತು.

ಇಷ್ಟಕ್ಕೆ ಸಮಯ ಎಲ್ಲಿದೆ ಎಂದು ಕೇಳಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಮೊದಲ ಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆಗಳು. 10 ಅಂಕದ್ದಕ್ಕೆ 150 ಪದ, 15 ಅಂಕದ್ದಕ್ಕೆ 250 ಪದ. ಅಂದರೆ ಕ್ರಮವಾಗಿ ಸುಮಾರು 7 ಮತ್ತು 11 ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ನಕ್ಷೆಗೆ ಹೋದರೆ ನಷ್ಟವಿಲ್ಲ, ಬೇಡದ ಎರಡು ಪ್ಯಾರಾ ಬರೆಯುವ ಸಮಯ ಉಳಿಯುತ್ತದೆ. ನಾವು ನಾಲ್ವರೂ ಈಗ ವಾರಕ್ಕೆ ಎರಡು ಪೂರ್ಣ ಉತ್ತರ, ಹತ್ತು ಬರೀ ನಕ್ಷೆ ಎಂಬ ಲೆಕ್ಕ ಇಟ್ಟುಕೊಂಡಿದ್ದೇವೆ.

ಆದರೆ ಹೊಣೆಯೆಲ್ಲ ಅಭ್ಯರ್ಥಿಯ ಮೇಲೆ ಹೊರಿಸುವುದು ಸರಿಯಲ್ಲ. ಯುಪಿಎಸ್‌ಸಿಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು, ಆದರೆ ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಜ್ಞೆಯ ಪದದ ಸೂಕ್ಷ್ಮ ಹಿಡಿಯುವುದೇ ಅಲ್ಲಿ ಮೊದಲ ಪರೀಕ್ಷೆ. ನಮ್ಮದೇ ರಾಜ್ಯದಲ್ಲಿ 2024ರ ಆಗಸ್ಟ್ 27ರಂದು ನಡೆದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯ ಕನ್ನಡದ ಬಗ್ಗೆಯೂ ಆಕ್ಷೇಪಗಳು ಎದ್ದವು. ಆಯ್ಕೆಗಳಲ್ಲಿ ಗುರುತು ಮಾಡುವ ಪರೀಕ್ಷೆಯಲ್ಲೇ ಒಂದು ಪದ ಉತ್ತರ ತಪ್ಪಿಸುತ್ತದೆ ಎಂದಾದರೆ, ಒಂದು ಪದದ ಮೇಲೆ ಇಡೀ ಉತ್ತರ ನಿಲ್ಲುವ ಪ್ರಬಂಧ ಪರೀಕ್ಷೆಯಲ್ಲಿ ಏನಾಗಬಹುದು? ಪ್ರಶ್ನೆಗಳನ್ನು ಕನ್ನಡದಲ್ಲೇ ಯೋಚಿಸಿ ರೂಪಿಸುವ ಪರಿಪಾಠ ಬರಬೇಕು. ಕಾಲೇಜುಗಳೂ ಕಿರುಪರೀಕ್ಷೆಯ ಉತ್ತರ ಪತ್ರಿಕೆಗೆ ಬರೀ ಅಂಕ ಹಾಕದೆ, ಅಂಕ ಎಲ್ಲಿ ಹೋಯಿತು ಎಂದು ಒಂದು ಸಾಲು ಬರೆದು ಕೊಟ್ಟರೆ ಕೋಚಿಂಗಿಗೆ ದುಡ್ಡು ಸುರಿಯಲಾಗದ ಹಳ್ಳಿಯ ಮಕ್ಕಳಿಗೆ ದೊಡ್ಡ ಉಪಕಾರ.

ಇದು ಹುದ್ದೆ ಗಿಟ್ಟಿಸುವ ಉಪಾಯವಷ್ಟೇ ಎಂದು ನನಗನ್ನಿಸುವುದಿಲ್ಲ. ಇಂದು ಇತಿಹಾಸದ ಹೆಸರಿನಲ್ಲಿ ಮೊಬೈಲಿಗೆ ದಿನವೂ ಹೇಳಿಕೆಗಳು ಬಂದು ಬೀಳುತ್ತಿವೆ. ‘ಇವನೇ ಕಾರಣ’, ‘ಅವರಿಂದಲೇ ಆಯಿತು’ ಎಂಬ ಆ ಸಂದೇಶಗಳಲ್ಲೂ ಅದೇ ‘ಏ’ಕಾರವಿದೆ. ಯಾವ ಕಾಲ, ಯಾವ ಸಾಕ್ಷ್ಯ, ಬೇರೆ ಕಾರಣವಿತ್ತೇ ಎಂದು ಕೇಳಿ ನೋಡುವ ಅಭ್ಯಾಸವಿದ್ದವರು ಅವನ್ನು ಸುಮ್ಮನೆ ಮುಂದಕ್ಕೆ ತಳ್ಳುವುದಿಲ್ಲ. ನಾಳೆ ತಹಶೀಲ್ದಾರರ ಕುರ್ಚಿಯಲ್ಲಿ ಕೂತವರ ಮುಂದೆ ಬರುವ ಜಮೀನಿನ ತಕರಾರಿನ ಕಡತವೂ ಒಂದು ‘ಎಷ್ಟರ ಮಟ್ಟಿಗೆ ಸರಿ’ ಪ್ರಶ್ನೆಯೇ. ಎರಡೂ ಕಡೆಯ ಕಾಗದ ಓದಿ, ತೂಗಿ, ಕಾರಣ ಬರೆದು ತೀರ್ಮಾನಿಸಬೇಕು. ಅಲ್ಲಿ ಅರ್ಜಿದಾರನಿಗೆ ಬೇಕಿರುವುದು ನಮ್ಮ ನೆನಪಿನ ಶಕ್ತಿಯಲ್ಲ, ಅವನ ಪ್ರಶ್ನೆಗೆ ಉತ್ತರ.