ಕೊವೆಂಟ್ರಿಗೂ ಒಂದು ದಿನ ಇರಲಿ

ಇಂಗ್ಲೆಂಡಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋದವರ ತಿರುಗಾಟದ ಪಟ್ಟಿ ಹೆಚ್ಚುಕಡಿಮೆ ಒಂದೇ: ಲಂಡನ್, ಆಕ್ಸ್‌ಫರ್ಡ್, ಶೇಕ್ಸ್‌ಪಿಯರನ ಸ್ಟ್ರಾಟ್‌ಫರ್ಡ್. ಸ್ಟ್ರಾಟ್‌ಫರ್ಡಿಗೆ ಸುಮಾರು 30 ಕಿಲೋಮೀಟರ್ ದೂರದ ಕೊವೆಂಟ್ರಿ ಅದರಲ್ಲಿ ಇರುವುದಿಲ್ಲ. ಇರಬೇಕು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು.

ಊರು ಚಂದವಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ನಡುಪೇಟೆಯನ್ನು ಬಿಗಿದು ಸುತ್ತಿದ ರಿಂಗ್ ರೋಡು, ಎಲ್ಲಿ ನೋಡಿದರೂ ಕಾಂಕ್ರೀಟು. ಆದರೆ ಆ ರೂಪಕ್ಕೊಂದು ಕಥೆಯಿದೆ. ಇಂದು ನಾವು ತುಳಿಯುವ ಸೈಕಲ್ಲಿನ ಮೂಲ ಮಾದರಿ, ಜಾನ್ ಕೆಂಪ್ ಸ್ಟಾರ್ಲಿಯ ರೋವರ್, 1885ರಲ್ಲಿ ತಯಾರಾದದ್ದು ಇಲ್ಲಿ. ಸೈಕಲ್ಲಿನ ಬೆನ್ನಿಗೆ ಕಾರು, ವಿಮಾನದ ಎಂಜಿನ್‌ಗಳ ಕಾರ್ಖಾನೆಗಳು ಬಂದವು. ಆ ಕಾರ್ಖಾನೆಗಳೇ ಊರನ್ನು ಜರ್ಮನಿಯ ಬಾಂಬರ್‌ಗಳ ಗುರಿಯಾಗಿಸಿದವು. 1940ರ ನವೆಂಬರ್ 14ರ ಒಂದೇ ರಾತ್ರಿ 500ಕ್ಕೂ ಹೆಚ್ಚು ಜನ ಸತ್ತರು. ಮಧ್ಯಯುಗದ ಕೆಥೀಡ್ರಲ್ ಸುಟ್ಟು, ಗೋಪುರ ಮತ್ತು ಹೊರಗೋಡೆಗಳಷ್ಟೇ ನಿಂತವು.

ಹೊಸ ಕೆಥೀಡ್ರಲ್ ಕಟ್ಟಿದ ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಆ ಹಾಳು ಗೋಡೆಗಳನ್ನು ಕೆಡವಲಿಲ್ಲ, ದುರಸ್ತಿಯನ್ನೂ ಮಾಡಲಿಲ್ಲ. ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿದರು; ಅದು 1962ರಲ್ಲಿ ತೆರೆಯಿತು. ನಡುವೆ ಇರುವುದು ಜಾನ್ ಹಟನ್ ಸಂತರನ್ನೂ ದೇವದೂತರನ್ನೂ ಕೊರೆದ ಭಾರೀ ಗಾಜಿನ ಗೋಡೆ. ಪ್ರಾರ್ಥನೆ ಮುಗಿಸಿ ಹೊರಡುವವರ ಕಣ್ಣಿಗೆ ಆ ಗಾಜಿನಾಚೆ ಸುಟ್ಟ ಕೆಥೀಡ್ರಲ್ ಬೀಳುತ್ತದೆ.

ಹಾಳುಬಿದ್ದ ಬಲಿಪೀಠದ ಹಿಂದೆ ಗೋಡೆಯಲ್ಲಿ ಕೆತ್ತಿರುವುದು ಎರಡೇ ಪದ. ತಂದೆಯಲ್ಲಿ ಕ್ಷಮೆಯ ಬೇಡಿಕೆ. ಯಾರನ್ನು ಕ್ಷಮಿಸಬೇಕೆಂದು ಹೇಳಿಲ್ಲ. 'ಅವರನ್ನು' ಎಂದಿದ್ದರೆ ತಪ್ಪೆಲ್ಲ ಶತ್ರುವಿನದಾಗುತ್ತಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು 1945ರಲ್ಲಿ ಸುಟ್ಟ ಡ್ರೆಸ್ಡೆನ್ ಇಂದು ಈ ಊರಿನ ಸೋದರನಗರ ಎಂಬುದನ್ನು ನೆನೆದರೆ, ಬಿಟ್ಟ ಆ ಪದದ ತೂಕ ತಿಳಿಯುತ್ತದೆ.

ತಪ್ಪು ಊರಿನದೂ ಇತ್ತು. ಹಳೆಯ ಮರದ ಮನೆಗಳ ಸಾಲಾಗಿದ್ದ ಬುಚರ್ ರೋ ಬೀದಿಯನ್ನು ನಗರಸಭೆಯೇ 1936ರಲ್ಲಿ, ಬಾಂಬು ಬೀಳುವ ಮೊದಲೇ, ರಸ್ತೆಗಾಗಿ ಕೆಡವಿತ್ತು. ಯುದ್ಧದ ನಂತರವೂ ಕೆಡವುವುದು ನಿಲ್ಲಲಿಲ್ಲ. ಅಲ್ಲಿ ಇಲ್ಲಿ ಉಳಿದ ಕೆಲವು ಮನೆಗಳನ್ನು ಬಿಚ್ಚಿ ತಂದು ಸ್ಪಾನ್ ಸ್ಟ್ರೀಟಿನಲ್ಲಿ ಮತ್ತೆ ಜೋಡಿಸಿದ್ದಾರೆ. ಅದನ್ನೂ ನೋಡಬೇಕು, ಚಂದಕ್ಕಾಗಿ ಅಲ್ಲ; ಕಳೆದುಕೊಂಡದ್ದು ಎಷ್ಟೆಂದು ತಿಳಿಯಲು.

ಪ್ರವಾಸಿ ಊರುಗಳು ತಮ್ಮ ಹಳೆಯದನ್ನು ಒಪ್ಪವಾಗಿಟ್ಟು ತೋರಿಸುತ್ತವೆ. ಫೋಟೋ ಚೆನ್ನಾಗಿ ಬರುತ್ತದೆ. ಏಟು ತಿಂದದ್ದನ್ನೂ ತಾನೇ ಏಟು ಕೊಟ್ಟುಕೊಂಡದ್ದನ್ನೂ ಒಂದೇ ದಿನದ ನಡಿಗೆಯಲ್ಲಿ ತೋರಿಸುವ ಊರು ಅಪರೂಪ. ಮಕ್ಕಳ ಮನೆಯಲ್ಲಿ ಕಳೆಯುವ ತಿಂಗಳಲ್ಲಿ ಅದಕ್ಕೊಂದು ದಿನ ತೆಗೆದಿಟ್ಟರೆ ನಷ್ಟವಿಲ್ಲ. ಸ್ಟ್ರಾಟ್‌ಫರ್ಡ್ ಎಲ್ಲಿಗೂ ಓಡಿಹೋಗುವುದಿಲ್ಲ.