ಕೂಡಿ ನುಡಿಸುವ ಮುನ್ನ ತಾಲೀಮು

ನೆದರ್ಲೆಂಡ್ಸ್‌ನ ಈಶಾನ್ಯಕ್ಕಿರುವ ಡ್ರೆಂಟೆ ಪ್ರಾಂತ್ಯ ಎಂದರೆ ಆಲೂಗಡ್ಡೆ ಹೊಲ, ಕುರಿಮಂದೆ, ಐದು ಸಾವಿರ ವರ್ಷ ಹಳೆಯ ಕಲ್ಗೋರಿಗಳು. ಆ ಸೀಮೆಯ ಗ್ರೊಲ್ಲೊ ಎಂಬ ಸಣ್ಣ ಹಳ್ಳಿಯಲ್ಲಿ ಬ್ಲೂಸ್ ಸಂಗೀತಕ್ಕೊಂದು ಮ್ಯೂಸಿಯಂ ಇದೆ. 1960ರ ದಶಕದಲ್ಲಿ ಹ್ಯಾರಿ ಮಸ್ಕೇ ಎಂಬ ಗಾಯಕ ಅಲ್ಲಿನ ಹಳೆಯ ರೈತಮನೆಯೊಂದರಲ್ಲಿ ಬೀಡುಬಿಟ್ಟು, ಗಿಟಾರ್ ವಾದಕ ಏಲ್ಕೋ ಖೆಲಿಂಗ್ ಮತ್ತಿತರರನ್ನು ಕೂಡಿಸಿಕೊಂಡು ಹಗಲು ರಾತ್ರಿ ತಾಲೀಮು ನಡೆಸುತ್ತಿದ್ದರು. ತಂಡದ ಹೆಸರು ಕ್ಯೂಬಿ ಅಂಡ್ ದ ಬ್ಲಿಝರ್ಡ್ಸ್. 1967ರಲ್ಲಿ ಅವರು ತಂದ ಆಲ್ಬಮ್ಮಿಗೆ ಇಟ್ಟ ಹೆಸರು, ಪ್ರವಾಸ ಹೋದವರು ಮನೆಗೆ ಕಳಿಸುವ ಕಾರ್ಡಿನ ಒಕ್ಕಣೆಯಂತೆ, ‘ಗ್ರೊಲ್ಲೊದಿಂದ ನಮಸ್ಕಾರ’. ಮಿಸಿಸಿಪ್ಪಿಯ ಪ್ಲಾಂಟೇಶನ್ನಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಹೆಸರು ಮಾಡಿದ ಪಿಯಾನೋ ವಾದಕ ಎಡ್ಡಿ ಬಾಯ್ಡ್ ಅದೇ ವರ್ಷ ಈ ಹುಡುಗರ ಜೊತೆ ಸೇರಿ ಇಡೀ ಒಂದು ಆಲ್ಬಮ್ ಮಾಡಿದರು.

ಮಸ್ಕೇ ಶುರು ಮಾಡಿದ್ದು ಬ್ಲೂಸ್‌ನಿಂದಲ್ಲ. ಅಸ್ಸೆನ್ ಪಟ್ಟಣದಲ್ಲಿ ಓದುತ್ತಿದ್ದಾಗ ಹಳೇ ಧಾಟಿಯ ಜಾಝ್ ನುಡಿಸುವ ತಂಡದಲ್ಲಿದ್ದವರು ಅವರು. ಜಾನ್ ಲೀ ಹುಕರ್ ಅವರ ಹಾಡು ಕಿವಿಗೆ ಬಿದ್ದ ಮೇಲೆ ಈ ಕಡೆ ತಿರುಗಿಕೊಂಡರು. 1968ರಲ್ಲಿ ತಂಡದ ಲೈವ್ ಆಲ್ಬಮ್ ಬಂತು. ಅದರ ಧ್ವನಿಮುದ್ರಣ ನಡೆದದ್ದು ಮಾತ್ರ ಗಡಿಯಾಚೆ, ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ. ಡಚ್ ಹಳ್ಳಿಯ ಹುಡುಗರು ಅಮೆರಿಕದ ಕಪ್ಪುಜನರ ಹಾಡನ್ನು ಹಾಡುವುದು ಅನುಕರಣೆಯಲ್ಲವೇ ಎಂಬ ಕೊಂಕು ಸಹಜವಾಗಿ ಏಳುತ್ತದೆ. ಏಳಲಿ. ಆ ಕೊಂಕಿಗೆ ಉತ್ತರ ಬೇಕಿದ್ದರೆ ಬ್ಲೂಸ್ ಒಳಗಿನಿಂದ ಹೇಗಿದೆ ಎಂದು ಕೊಂಚ ನೋಡಬೇಕು.

ಬ್ಲೂಸ್‌ನ ಚೌಕಟ್ಟು ತೀರಾ ಸರಳ. ನಾಲ್ಕು ನಾಲ್ಕು ಏಟಿನ ಹನ್ನೆರಡು ಬಾರ್, ಮೂರು ಕಾರ್ಡ್ ಅಂದರೆ ಸ್ವರಗುಚ್ಛ. ಮೊದಲ ಸಾಲು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು. ಪ್ರತಿ ಸಾಲಿನ ಕೊನೆಗೆ ಹಾಡುಗಾರ ಉಸಿರೆಳೆದುಕೊಳ್ಳುವಷ್ಟು ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಗಿಟಾರೋ ತುತ್ತೂರಿಯೋ ಮಾತಾಡುತ್ತದೆ. ಇಷ್ಟೇ. ಹಳ್ಳಿ ಕಟ್ಟೆಯ ಮೇಲಿನ ಅರಳಿಮರದಂತೆ ಇದರ ಕೆಳಗೆ ಯಾರು ಬೇಕಾದರೂ ಬಂದು ಕೂರಬಹುದು. ನ್ಯೂ ಆರ್ಲಿಯನ್ಸ್‌ನ ಜಾಝ್ ತುತ್ತೂರಿಗಾರರೂ ಟೆಕ್ಸಸ್‌ನ ಕಂಟ್ರಿ ಹಾಡುಗಾರರೂ ಬಂದು ಕೂತದ್ದು ಇಲ್ಲಿಯೇ.

ಕೂತವರು ಒಬ್ಬರ ಪಕ್ಕ ಒಬ್ಬರು ಕಾಣಿಸದಂತೆ ಮಾಡಿದ್ದು ಅಂಗಡಿಯವರು. 1920ರ ದಶಕದಲ್ಲಿ ಅಮೆರಿಕದ ಗ್ರಾಮಫೋನ್ ಕಂಪನಿಗಳು ಕಪ್ಪುಜನರಿಗೆ ಮಾರುವ ತಟ್ಟೆಗಳಿಗೆ ‘ರೇಸ್ ರೆಕಾರ್ಡ್ಸ್’ ಎಂದೂ ಬಿಳಿಯ ಹಳ್ಳಿಗರಿಗೆ ಮಾರುವವಕ್ಕೆ ‘ಹಿಲ್‌ಬಿಲಿ’ ಎಂದೂ ಬೇರೆ ಬೇರೆ ಕ್ಯಾಟಲಾಗ್ ಅಚ್ಚು ಹಾಕಿಸಿದವು. ವಿಚಿತ್ರವೆಂದರೆ ಎರಡೂ ಕಡೆ ರಾಲ್ಫ್ ಪಿಯರ್ ಎಂಬ ಒಬ್ಬರೇ ವ್ಯಕ್ತಿ ಇದ್ದರು. 1923ರಲ್ಲಿ ಅಟ್ಲಾಂಟಾದಲ್ಲಿ ಪಿಟೀಲು ಕಾರ್ಸನ್‌ರನ್ನೂ 1927ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಜಿಮ್ಮಿ ರಾಜರ್ಸ್‌ರನ್ನೂ ಧ್ವನಿಮುದ್ರಿಸಿ ಕಂಟ್ರಿ ಸಂಗೀತದ ಮಾರುಕಟ್ಟೆ ಕಟ್ಟಿದವರು ಅವರೇ. 1930ರ ಜುಲೈ 16ರಂದು ಹಾಲಿವುಡ್‌ನಲ್ಲಿ ರಾಜರ್ಸ್ ಹಾಡಿದ ‘ಬ್ಲೂ ಯೋಡಲ್ 9’ಕ್ಕೆ ತುತ್ತೂರಿ ಊದಿದವರು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋ ನುಡಿಸಿದವರು ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್. ಕಂಟ್ರಿಯ ಪಿತಾಮಹ, ಜಾಝ್‌ನ ಪಿತಾಮಹ ಒಂದೇ ಕೋಣೆಯಲ್ಲಿ ಕೂತು ಬ್ಲೂಸ್ ನುಡಿಸಿದರು. ತಟ್ಟೆಯ ಲೇಬಲ್ಲಿನ ಮೇಲೆ ಆರ್ಮ್‌ಸ್ಟ್ರಾಂಗ್ ಹೆಸರಿರಲಿಲ್ಲ.

ಆ ಕೋಣೆ ಮತ್ತೆ ತೆರೆದದ್ದು 2007ರ ಜನವರಿ 12 ಮತ್ತು 13ರಂದು ನ್ಯೂಯಾರ್ಕ್‌ನ ಲಿಂಕನ್ ಸೆಂಟರ್ ಜಾಝ್ ಸಂಸ್ಥೆಯ ಅಲೆನ್ ರೂಮ್‌ನಲ್ಲಿ ಎನ್ನಬಹುದು. ವೇದಿಕೆಯ ಹಿಂದೆ ಗೋಡೆಯ ಬದಲು ಎತ್ತರದ ಗಾಜು, ಅದರಾಚೆ ಕೊಲಂಬಸ್ ಸರ್ಕಲ್‌ನ ಟ್ರಾಫಿಕ್ಕು. ಒಂದು ಕಡೆ ಎಪ್ಪತ್ತಮೂರು ವಯಸ್ಸಿನ ವಿಲ್ಲಿ ನೆಲ್ಸನ್, ಕೈಯಲ್ಲಿ ಉಜ್ಜಿ ಉಜ್ಜಿ ತೂತು ಬಿದ್ದ ಹಳೇ ಮಾರ್ಟಿನ್ ಗಿಟಾರ್ ‘ಟ್ರಿಗರ್’. ಇನ್ನೊಂದು ಕಡೆ ಕೋಟು ತೊಟ್ಟು ಟೈ ಕಟ್ಟಿದ ವಿಂಟನ್ ಮಾರ್ಸಾಲಿಸ್, 1997ರ ಪುಲಿಟ್ಜರ್ ಪಡೆದ ಜಾಝ್ ರಚನಕಾರ, ಸಂಪ್ರದಾಯದ ವಿಷಯದಲ್ಲಿ ಮಡಿವಂತರೆಂದೇ ಹೆಸರಾದವರು. ನೆಲ್ಸನ್ ತಮ್ಮೊಡನೆ ಕರೆತಂದದ್ದು ಹಾರ್ಮೋನಿಕಾದ ಮಿಕ್ಕಿ ರಫೇಲ್ ಒಬ್ಬರನ್ನೇ. ಮಿಕ್ಕವರೆಲ್ಲ ಮಾರ್ಸಾಲಿಸ್ ತಂಡದವರು. 2008ರಲ್ಲಿ ಬ್ಲೂ ನೋಟ್ ಸಂಸ್ಥೆ ಹೊರತಂದ ‘ಟೂ ಮೆನ್ ವಿತ್ ದ ಬ್ಲೂಸ್’ ಜಾಝ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಆಲ್ಬಮ್ಮಿನಲ್ಲಿ ಹತ್ತು ಹಾಡು. ಅವುಗಳಲ್ಲಿ ‘ಮೈ ಬಕೆಟ್ಸ್ ಗಾಟ್ ಎ ಹೋಲ್ ಇನ್ ಇಟ್’ ಎಂಬ ಒಂದನ್ನು ಕೇಳಿದರೆ ಸಾಕು. ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡುಗಳು ಹಿಂದಿನಿಂದಲೂ ನುಡಿಸುತ್ತ ಬಂದ ಹಾಡು ಅದು. 1949ರಲ್ಲಿ ಕಂಟ್ರಿಯ ಹ್ಯಾಂಕ್ ವಿಲಿಯಮ್ಸ್ ಹಾಡಿ ಮನೆಮಾತು ಮಾಡಿದರು. ಹಾಗಾಗಿ ಮಾರ್ಸಾಲಿಸ್‌ಗೆ ಅದು ಊರಿನ ಹಾಡು, ನೆಲ್ಸನ್‌ಗೆ ಗುರುಪರಂಪರೆಯ ಹಾಡು. ಯಾರೂ ಯಾರ ಮನೆಗೂ ಅತಿಥಿಯಾಗಿ ಹೋಗಬೇಕಾಗಿಲ್ಲ. ಡ್ರಮ್ಮಿನ ಅಲಿ ಜಾಕ್ಸನ್, ಬಾಸ್‌ನ ಕಾರ್ಲೋಸ್ ಹೆನ್ರಿಕೆಜ್ ತಾಳವನ್ನು ಬಿಗಿಯಾಗಿ ಹಿಡಿದಿರುತ್ತಾರೆ. ನೆಲ್ಸನ್ ಮಾತ್ರ ತಾಳಕ್ಕಿಂತ ಒಂದು ಚೂರು ಹಿಂದೆ, ಮಾತಾಡಿದ ಹಾಗೆ, ಯಾವ ಅವಸರವೂ ಇಲ್ಲದೆ ಹಾಡುತ್ತಾರೆ. ತಪ್ಪಿದರೋ ಎಂದು ಗಾಬರಿಯಾಗುವಷ್ಟರಲ್ಲಿ ಸರಿಯಾಗಿ ಸಮಕ್ಕೆ ಬಂದಿರುತ್ತಾರೆ. ಆ ಎಳೆದಾಟವೇ ಈ ಆಲ್ಬಮ್ಮಿನ ಸುಖ. ಸ್ಟುಡಿಯೋದಲ್ಲಿ ಒಬ್ಬೊಬ್ಬರೇ ಬೇರೆ ಬೇರೆ ದಿನ ಬಂದು ಹಾಡಿ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ.

ಮತ್ತೆ ನೆದರ್ಲೆಂಡ್ಸ್‌ಗೆ ಬರೋಣ. ಬ್ಲೂಸೂ ಜಾಝೂ ಕಂಟ್ರಿಯೂ ಆ ನಾಡಿನಲ್ಲಿ ಹುಟ್ಟಿದವಲ್ಲ. ಆದರೆ ಹುಟ್ಟಿದ ನಾಡಿನವರು ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆ ಇಟ್ಟದ್ದನ್ನು ಒಂದೇ ಜಗಲಿಯ ಮೇಲೆ ಹರಡಿ ಕೂರುವ ಏರ್ಪಾಟನ್ನು ಡಚ್ಚರು ತಲೆಮಾರುಗಟ್ಟಲೆ ಮಾಡಿಕೊಂಡು ಬಂದಿದ್ದಾರೆ. ಶಾಸ್ತ್ರೀಯ ಸಂಗೀತಕ್ಕೆಂದೇ 1888ರಲ್ಲಿ ತೆರೆದ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ 1950ರ ದಶಕದಿಂದ ಸಂಜೆಯ ಕಛೇರಿ ಮುಗಿದ ಮೇಲೆ ನಡುರಾತ್ರಿಯ ಜಾಝ್ ಕಛೇರಿಗಳು ನಡೆಯುತ್ತಿದ್ದವು. 1964ರ ಜೂನ್ 2ರಂದು ರೇಡಿಯೋ ಪಟ್ಟಣ ಹಿಲ್ವರ್ಸಮ್‌ನಲ್ಲಿ ಅಮೆರಿಕದ ಎರಿಕ್ ಡಾಲ್ಫಿ ಮೂವರು ಡಚ್ ಯುವಕರ ಜೊತೆ ನುಡಿಸಿದರು: ಪಿಯಾನೋ ಮಿಷಾ ಮೆಂಗಲ್‌ಬರ್ಗ್, ಬಾಸ್ ಜಾಕ್ ಸ್ಕೋಲ್ಸ್, ಡ್ರಮ್ಸ್ ಇಪ್ಪತ್ತೆರಡರ ಹಾನ್ ಬೆನ್ನಿಂಕ್. ಮೆಂಗಲ್‌ಬರ್ಗ್ ಅವರದೇ ರಚನೆಯೂ ಅದರಲ್ಲಿತ್ತು. ತಿಂಗಳು ತುಂಬುವ ಮೊದಲೇ, ಜೂನ್ 29ರಂದು, ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡರು. ಆ ರೇಡಿಯೋ ಮುದ್ರಣ ‘ಲಾಸ್ಟ್ ಡೇಟ್’ ಎಂಬ ಆಲ್ಬಮ್ಮಾಗಿ ಉಳಿಯಿತು. ಆ ರಾತ್ರಿ ಮೈಕು ಹಚ್ಚಿಟ್ಟ ರೇಡಿಯೋ ಸಿಬ್ಬಂದಿಗೆ ಜಗತ್ತಿನ ಜಾಝ್ ರಸಿಕರೆಲ್ಲ ಋಣಿ.

1976ರಲ್ಲಿ ಪೌಲ್ ಆಕೆಟ್ ಎಂಬ ಸಂಘಟಕರು ಹೇಗ್ ನಗರದಲ್ಲಿ ನಾರ್ತ್ ಸೀ ಜಾಝ್ ಉತ್ಸವ ಶುರು ಮಾಡಿದರು. ಒಂದೇ ಸೂರಿನಡಿ ಹಲವು ವೇದಿಕೆ, ಒಂದೇ ಹೊತ್ತಿಗೆ ಹಲವು ಕಛೇರಿ. ಜಾಝ್ ಕೇಳಲೆಂದು ಹೊರಟವರು ದಾರಿ ತಪ್ಪಿ ಬ್ಲೂಸ್ ಕೇಳಿಕೊಂಡು ಬರುವುದೇ ಇದರ ಸೊಗಸು. 2006ರಿಂದ ಉತ್ಸವ ರಾಟರ್‌ಡ್ಯಾಮ್‌ನ ಆಹೋಯ್ ಸಂಕೀರ್ಣದಲ್ಲಿ ನಡೆಯುತ್ತಿದ್ದು, ವೇದಿಕೆಗಳಿಗೆ ನೈಲ್, ಅಮೆಜಾನ್, ಕಾಂಗೋ, ಮಾಸ್ ಎಂದು ನದಿಗಳ ಹೆಸರಿಟ್ಟಿದ್ದಾರೆ. ಪಾಪ್ ತಾರೆಯರೇ ಹೆಚ್ಚಾದರು ಎಂಬ ಗೊಣಗಾಟ ಹಳೆಯದು. 2011ರಲ್ಲಿ ಪ್ರಿನ್ಸ್ ಮೂರೂ ರಾತ್ರಿ ಹಾಡಿದಾಗಲೂ ಇತ್ತು. ಗೊಣಗಾಟದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ದೊಡ್ಡ ಹೆಸರು ಕರೆತಂದ ಜನರಿಗೆ ಚಿಕ್ಕ ವೇದಿಕೆಯ ದಾರಿ ತೋರಿಸುವುದು ಕಡಿಮೆ ಕೆಲಸವೇನಲ್ಲ.

ಕಂಟ್ರಿಯ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆಲ್ಮೆಲೋ ಪಟ್ಟಣದ ಇಲ್ಸ ಡಿಲಾಂಗ ತಮ್ಮ ಮೊದಲ ಆಲ್ಬಮ್ಮನ್ನು 1998ರಲ್ಲಿ ತಂದದ್ದು ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿಕೊಂಡು. 2014ರಲ್ಲಿ ಅವರು, ಕಂಟ್ರಿ ಗಾಯಕ ವೇಲನ್ ಜೆನಿಂಗ್ಸ್ ಹೆಸರನ್ನೇ ರಂಗನಾಮ ಮಾಡಿಕೊಂಡ ವೇಲನ್ ಜೊತೆ, ‘ದ ಕಾಮನ್ ಲಿನೆಟ್ಸ್’ ಎಂಬ ಜೋಡಿಯಾಗಿ ಯೂರೋವಿಷನ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಗಳಿಸಿದರು. ಝಗಮಗದ ಆ ವೇದಿಕೆಯಲ್ಲಿ ಇಬ್ಬರು ಒಂದೇ ಮೈಕಿನ ಎದುರು ನಿಂತು ಮೆಲ್ಲಗೆ ಹಾಡಿದ್ದನ್ನು ಯೂರೋಪು ಮೆಚ್ಚಿಕೊಂಡಿತು.

ಬೇರೆ ಬೇರೆ ಇಟ್ಟದ್ದನ್ನು ಡಚ್ಚರು ಕೂಡಿಸಿದರು ಎಂಬ ಮಾತಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಮೆಟ್ರೊಪೋಲ್ ಆರ್ಕೆಸ್ಟ್ರಾದಲ್ಲಿ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಸೋತು ಸುಣ್ಣವಾಗಿದ್ದ ದೇಶದ ರೇಡಿಯೋ ಕಟ್ಟಿದ ತಂಡ ಇದು. ಅರ್ಧ ಜಾಝ್ ಬಿಗ್‌ಬ್ಯಾಂಡು, ಅರ್ಧ ತಂತಿವಾದ್ಯಗಳ ಮೇಳ. ಟೆಕ್ಸಸ್‌ನ ಡೆಂಟನ್‌ನಲ್ಲಿ ಹುಟ್ಟಿದ ಸ್ನಾರ್ಕಿ ಪಪ್ಪಿ ತಂಡ 2013ರ ಅಕ್ಟೋಬರ್‌ನಲ್ಲಿ ಉಟ್ರೆಕ್ಟ್‌ನ ಸ್ಟುಡಿಯೋ ಒಂದರಲ್ಲಿ ಕೇಳುಗರನ್ನು ವಾದಕರ ನಡುವೆಯೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿ, ಒಂದು ಲೈವ್ ಆಲ್ಬಮ್ ಮಾಡಿತು. ಮರುವರ್ಷ ಡೋರ್ಡ್ರೆಕ್ಟ್‌ನಲ್ಲಿ ಅದೇ ತಂಡ ಮೆಟ್ರೊಪೋಲ್ ಜೊತೆ, ಕೇಳುಗರ ಎದುರಿಗೇ, ‘ಸಿಲ್ವ’ ಎಂಬ ಆಲ್ಬಮ್ ಮುದ್ರಿಸಿತು. ಬೀದಿ ಮೆರವಣಿಗೆಯ ನ್ಯೂ ಆರ್ಲಿಯನ್ಸ್ ತಾಳದಿಂದ ಹಿಡಿದು ಪಾಶ್ಚಾತ್ಯ ಶಾಸ್ತ್ರೀಯದವರೆಗೆ ಅದರಲ್ಲಿ ಎಲ್ಲವೂ ಇದೆ, ಬಹುಪಾಲು ಬರೆದು ಅಭ್ಯಾಸ ಮಾಡಿದ್ದು. 2016ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಆದರೆ ಅದಕ್ಕೂ ಮುಂಚೆ ಏನಾಗಿತ್ತು ಎಂಬುದನ್ನು ಮರೆಯುವಂತಿಲ್ಲ: 2011ರಲ್ಲಿ ಡಚ್ ಸರ್ಕಾರ ಸಂಸ್ಕೃತಿಯ ಬಜೆಟ್ಟಿನಿಂದ ಸುಮಾರು 20 ಕೋಟಿ ಯೂರೋ ಕತ್ತರಿಸಲು ಹೊರಟಿತು, ರೇಡಿಯೋ ಮೇಳಗಳನ್ನು ಪೊರೆಯುತ್ತಿದ್ದ ಕೇಂದ್ರ 2013ರಲ್ಲಿ ಮುಚ್ಚಿತು. ಮೆಟ್ರೊಪೋಲ್ ಸ್ವತಂತ್ರ ಪ್ರತಿಷ್ಠಾನವಾಗಿ ಹೇಗೋ ಜೀವ ಹಿಡಿದುಕೊಂಡಿತು. ಹಾಗೆ ಉಳಿದದ್ದರಿಂದಲೇ ಆ ಗ್ರ್ಯಾಮಿ.

ಕರ್ನಾಟಕಕ್ಕೆ ಇದೆಲ್ಲ ದೂರದ ಬೆಟ್ಟ ಎನ್ನುವಂತಿಲ್ಲ. 1973ರಲ್ಲಿ ಹೇಗ್ ನಗರದ ಸೂಪರ್‌ಸಿಸ್ಟರ್ ತಂಡದ ‘ಇಸ್ಕಂದರ್’ ಆಲ್ಬಮ್ಮಿನಲ್ಲಿ ನುಡಿಸಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಾಗಸ್ವರ ಕಲಿತವರು. ಹತ್ತು ವರ್ಷಗಳ ಬಳಿಕ ಅವರೇ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ, ಅಂದರೆ ಗಾಯಕಿ ಆರ್.ಎ. ರಮಾಮಣಿ, ಮೃದಂಗದ ಟಿ.ಎ.ಎಸ್. ಮಣಿ ಮೊದಲಾದವರ ಜೊತೆ, ‘ಜ್ಯೋತಿ’ ಆಲ್ಬಮ್ ಮಾಡಿದರು. ಆ ಒಡನಾಟ ಮುಂದೆಯೂ ನಡೆಯಿತು. ಒಂದೇ ಸಂಜೆಯ ಫೋಟೋಗೆಂದು ಕೂಡಿದವರಲ್ಲ ಅವರು. ಆಮ್‌ಸ್ಟರ್‌ಡ್ಯಾಮ್ ಸಂಗೀತ ಕಾಲೇಜಿನಲ್ಲಿ ರಫಾಯೆಲ್ ರೇನಾ ಎಂಬ ಸ್ಪೇನ್ ಮೂಲದ ರಚನಕಾರರು ಕರ್ನಾಟಕ ಸಂಗೀತದ ಲಯವನ್ನು ಪಾಶ್ಚಾತ್ಯ ವಾದಕರಿಗೆ ಪಠ್ಯವಾಗಿ ಕಲಿಸುತ್ತ ಬಂದರು. ಅವರಿಗೆ ಪಾಠ ಹೇಳಿದವರಲ್ಲಿ ಗಾಯಕಿ ಜಾಹ್ನವಿ ಜಯಪ್ರಕಾಶ್ ಒಬ್ಬರು. ಜತಿ, ಗತಿ, ತೀರ್ಮಾನಗಳನ್ನು ಜಾಝ್ ಡ್ರಮ್ಮರ್ ಕೈಬೆರಳಲ್ಲಿ ಎಣಿಸುತ್ತ ಕಲಿಯುವ ತರಗತಿ ಅದು.

ಅದಕ್ಕೆ ಹೋಲಿಸಿದರೆ ನಮ್ಮ ಊರುಗಳ ‘ಫ್ಯೂಷನ್’ ಹೆಚ್ಚಿನ ಪಾಲು ಏನು? ಸಂಜೆ ಆರಕ್ಕೆ ಕಾರ್ಯಕ್ರಮ, ನಾಲ್ಕಕ್ಕೆ ಸೌಂಡ್ ಚೆಕ್, ಅದೇ ತಾಲೀಮು. ವೇದಿಕೆಯ ಮೇಲೆ ಪರಿಚಯ. ಒಂದು ಹಂಸಧ್ವನಿ, ಅದರ ಕೆಳಗೆ ಕೀಬೋರ್ಡು, ಕೊನೆಗೆ ತಬಲಾಕ್ಕೂ ಡ್ರಮ್ಸ್‌ಗೂ ಸವಾಲ್‌ ಜವಾಬ್. ವೇಗ ಏರಿದಷ್ಟೂ ಚಪ್ಪಾಳೆ. ಬೆರೆಯುವುದು ಏನೂ ಇಲ್ಲ, ಸರದಿಯಲ್ಲಿ ನಿಂತು ಚಮತ್ಕಾರ ತೋರಿಸುವುದಷ್ಟೇ. ಬೆರೆಯುವ ಶಕ್ತಿ ಈ ಮಣ್ಣಿಗೆ ಇಲ್ಲವೆಂದೇನೂ ಅಲ್ಲ. ಮಲ್ಲಿಕಾರ್ಜುನ ಮನ್ಸೂರರು ನಾಟಕ ಕಂಪನಿಯಲ್ಲಿ ಹಾಡಿ, ಕರ್ನಾಟಕ ಸಂಗೀತ ಕಲಿತು, ಗ್ವಾಲಿಯರ್ ಹಾದು, ಜೈಪುರ ಘರಾಣೆಯಲ್ಲಿ ನೆಲೆನಿಂತರು; ವಚನಗಳನ್ನೂ ಹಾಡಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿದಾಗ ಭಾವಗೀತೆಗೆ ಜಾತ್ರೆಯಷ್ಟು ಜನ ಸೇರಬಲ್ಲರು ಎಂಬುದು ಗೊತ್ತಾಯಿತು. ಜನರಿಗೆ ಗೊತ್ತಿದ್ದ ಹಾಡು, ಪಳಗಿದ ತಂಡ, ಎದುರಿಗೆ ಜೀವಂತ ಸಭೆ, ಮೂರೂ ಅಲ್ಲಿದ್ದವು.

ಹಾಗಾಗಿ ಧಾರವಾಡ, ಬೆಂಗಳೂರು ಆಕಾಶವಾಣಿ ಕೇಂದ್ರಗಳಿಗೂ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಗೂ ಒಂದು ನೇರ ಕೋರಿಕೆ. ಶಿಶುನಾಳ ಶರೀಫರ ತತ್ವಪದಗಳನ್ನು ತಂಬೂರಿ ಹಿಡಿದು ಹಾಡುವವರೂ ಬಲ್ಲರು, ಖಯಾಲ್ ಗಾಯಕರೂ ಬಲ್ಲರು, ಸುಗಮ ಸಂಗೀತದವರೂ ಬಲ್ಲರು. ಈ ಮೂವರನ್ನು ಒಂದು ಕಡೆ ಕೂರಿಸಿ. ಹತ್ತು ದಿನದ ತಾಲೀಮಿಗೆ ಊಟ, ವಸತಿ, ಸಂಭಾವನೆ ಕೊಡಿ. ಹನ್ನೊಂದನೆಯ ದಿನ ಇನ್ನೂರು ಜನ ಕೇಳುಗರನ್ನು ಕರೆದು, ಒಳ್ಳೆಯ ಮೈಕು ಹಚ್ಚಿ, ಒಂದೇ ಬೀಸಿಗೆ ಮುದ್ರಿಸಿ. ಅದನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕದೆ ಜನರಿಗೆ ಬಿಡುಗಡೆ ಮಾಡಿ. ಮುಂದಿನ ಸಾಲಿನ ಬಜೆಟ್ಟಿನಲ್ಲಿ ಇಂಥ ಎರಡು ಕಛೇರಿಗೆ ಹಣ ಎತ್ತಿಟ್ಟರೂ ಸಾಕು, ಕೆಲಸ ಶುರುವಾಗುತ್ತದೆ.