ಪಾವಗಡ ದಾಟಿದ ಮೇಲೆ

ಹಿಂದೂಪುರದಿಂದ ಮಡಕಶಿರಾ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಆಂಧ್ರದಲ್ಲಿ ಹೊರಟು, ಪಾವಗಡದಲ್ಲಿ ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೆ ಬೀಳುತ್ತದೆ. ಹುಣಸೆ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು ಬಾಕಿ ವಸೂಲಿಗೆಂದು ಇಪ್ಪತ್ತು ವರ್ಷ ಈ ದಾರಿ ತುಳಿದಿದ್ದೇನೆ. 2022ರ ಏಪ್ರಿಲ್‌ನ ಒಂದು ಮಧ್ಯಾಹ್ನ, ಪಾವಗಡ ದಾಟಿ ಸ್ವಲ್ಪ ದೂರ ಹೋಗಿರಬೇಕು, ಮುಂದಿನ ಸೀಟಿನವರು ಕಿಟಕಿ ಸರಳಿಗೆ ತಲೆ ಬಡಿದುಕೊಂಡು ಪಕ್ಕಕ್ಕೆ ವಾಲಿದರು. ಐವತ್ತರ ಆಸುಪಾಸು. ತೊಡೆಯ ಮೇಲಿದ್ದ ಬಾಳೆಹಣ್ಣಿನ ಚೀಲ ಕೆಳಗುರುಳಿತು.

"ಫಿಟ್ಸು, ಫಿಟ್ಸು" ಎಂದರು ಯಾರೋ. ಅವರ ಮುಷ್ಟಿಗೆ ಬೀಗದಕೈ ಗೊಂಚಲು ತುರುಕಿದರು. ಹಿಂದಿನ ಸೀಟಿನ ಹೆಂಗಸು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. "ನೀಳ್ಳು, ನೀಳ್ಳು" ಎಂಬ ಕೂಗಿಗೆ ನನ್ನ ಬಾಟಲಿಯನ್ನೇ ಕೊಟ್ಟೆ. ಬಾಯಿಗೆ ಬಿಟ್ಟ ನೀರು ಕಟವಾಯಿಯಿಂದ ಇಳಿದು ಅಂಗಿ ತೋಯಿಸಿತು. ನಡುನಡುವೆ ಗೊರಕೆಯಂತೆ ಒಂದೊಂದು ಉಸಿರು ಎಳೆಯುತ್ತಿದ್ದರು. "ಉಸಿರಾಡ್ತಿದ್ದಾರೆ, ಏನೂ ಆಗಲ್ಲ" ಎಂದವನು ನಾನೇ. ಆಮೇಲೆ ಚರ್ಚೆ: ಬಸ್ಸು ಹಿಂದಕ್ಕೆ ಪಾವಗಡಕ್ಕೋ, ಮುಂದಕ್ಕೆ ಕಲ್ಯಾಣದುರ್ಗಕ್ಕೋ? ಅಷ್ಟು ಹೊತ್ತೂ ಅವರ ಪಾದ ತಿಕ್ಕುತ್ತ ಕೂತಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅದು ತಣ್ಣಗಿತ್ತು.

2023ರ ಜನವರಿ 27ರಂದು ಕುಪ್ಪಂನಲ್ಲಿ, ತೆಲುಗು ದೇಶಂ ನಾಯಕ ನಾರಾ ಲೋಕೇಶ್ ಪಾದಯಾತ್ರೆಯ ಮೊದಲ ದಿನವೇ, ಹಿಂದೂಪುರದ ನಮ್ಮ ಶಾಸಕ ಬಾಲಕೃಷ್ಣ ಅವರ ಅಣ್ಣನ ಮಗ, ನಟ ತಾರಕರತ್ನ ಹೃದಯಾಘಾತವಾಗಿ ಕುಸಿದು ಬಿದ್ದರು; ಫೆಬ್ರುವರಿ 18ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟೂ ದಿನ ಹಿಂದೂಪುರದ ಟೀ ಅಂಗಡಿಗಳಲ್ಲಿ ಅದೇ ಮಾತು. ಯಾವ ಆಸ್ಪತ್ರೆ, ಎಂಥ ಆಂಬುಲೆನ್ಸ್, ಯಾವ ಡಾಕ್ಟರು. ಬಿದ್ದ ಜಾಗದಲ್ಲಿ ಮೊದಲ ಐದು ನಿಮಿಷ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬಸ್ಸಿನಲ್ಲಿ ಕೇಳಿದ ಆ ಗೊರಕೆಯನ್ನು ಉಸಿರೆಂದು ಎಣಿಸಬಾರದು ಎಂದು ತಿಳಿದದ್ದು ಅದೇ 2023ರಲ್ಲಿ, ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸುವ ಒಂದು ಶಿಬಿರದಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಅನೇಕರಿಗೆ ಹಾಗೆ ಬರುತ್ತದೆ. ಕೂಗಿದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದ ದೊಡ್ಡವರಿಗೆ ಮಾಡಬೇಕಾದ್ದು ಇಷ್ಟು: ಒಬ್ಬರು 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಎದೆಯ ನಡುಮಧ್ಯೆ ಅಂಗೈ ಬುಡ ಊರಿ, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಒತ್ತಬೇಕು. 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಬಾಯಿಗೆ ಬಾಯಿಟ್ಟು ಊದಲು ಗೊತ್ತಿಲ್ಲದಿದ್ದರೆ ಬರೀ ಒತ್ತಿದರೂ ಆಯಿತು. ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಹೆಚ್ಚುಕಡಿಮೆ ನೂರಕ್ಕೆ 10ರಂತೆ ಇಳಿಯುತ್ತದೆ. ಹಳ್ಳಿಯ ದಾರಿಯಲ್ಲಿ ಆಂಬುಲೆನ್ಸ್ ಎಷ್ಟು ಬೇಗ ಬರುತ್ತದೆಂದು ನಿಮಗೇ ಗೊತ್ತು.

ಶಿಬಿರದಲ್ಲಿ ಕಲಿಯಲು ಇಟ್ಟಿದ್ದ ಗೊಂಬೆಯ ಎದೆ ಸರಿಯಾಗಿ ಒತ್ತಿದರೆ 'ಟಕ್' ಎನ್ನುತ್ತದೆ. ನನಗೆ ಅನ್ನಲಿಲ್ಲ. "ಸಾರ್, ರಬ್ಬರ್ ಸ್ಟಾಂಪ್ ಒತ್ತಬೇಡಿ" ಎಂದು ಕಲಿಸುವ ಹುಡುಗಿ ನಕ್ಕಳು. ನನ್ನ ಜೊತೆ ಬಂದಿದ್ದ ನಮ್ಮ ಮಂಡಿಯ ಹಮಾಲಿ, ದಿನವಿಡೀ ಚೀಲಕ್ಕೆ ಹುಣಸೆ ಒತ್ತಿ ತುಂಬುವವನು, ಮೊದಲ ಸಲಕ್ಕೇ ಟಕ್, ಟಕ್, ಟಕ್. ಎರಡು ನಿಮಿಷಕ್ಕೆ ನಾನು ಏದುಸಿರು ಬಿಟ್ಟೆ; ಅವನಿಗೆ ಬೆವರೂ ಬಂದಿರಲಿಲ್ಲ.

ಅಲ್ಲಿಂದ ನನ್ನ ತಕರಾರು. ಇಂಥ ಶಿಬಿರಗಳೆಲ್ಲ ಕಾಲೇಜು, ಕಚೇರಿಗಳಲ್ಲಿ ನಡೆದು ಫೋಟೊ ತೆಗೆಸಿಕೊಂಡು ಮುಗಿಯುತ್ತವೆ. ಮಾರುಕಟ್ಟೆ ಯಾರ್ಡಿನ ಹಮಾಲಿ, ಬಸ್ ಕಂಡಕ್ಟರು, ಆಟೋದವರು ಅತ್ತ ಸುಳಿಯುವುದಿಲ್ಲ, ಅವರನ್ನು ಕರೆಯುವವರೂ ಇಲ್ಲ. 2021ರ ಅಕ್ಟೋಬರ್ 29ರಂದು ನಟ ಅಪ್ಪು (ಪುನೀತ್ ರಾಜ್‌ಕುಮಾರ್) ಹೋದ ಮೇಲೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗೇ ಮುಟ್ಟಿಸಿತು. ದೊಡ್ಡ ಕೆಲಸವೇ. ಆದರೆ ಆ ಸೂಜಿಯ ತನಕ ಮನುಷ್ಯ ಜೀವಂತ ತಲುಪಬೇಕಲ್ಲ.

ಪೊಲೀಸು, ಕೋರ್ಟಿನ ಭಯ ಬೇರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಅಪಘಾತದಲ್ಲಿ ನೆರವಾದವರನ್ನು ಕಾಯುತ್ತದೆ. ಸೀಟಿನಲ್ಲಿ ಕೂತಲ್ಲೇ ಎದೆ ನಿಂತವನ ಹೆಸರು ಅದರಲ್ಲಿಲ್ಲ. ಅವನನ್ನೂ ಸೇರಿಸಿದರೆ ಯಾರಿಗೇನು ನಷ್ಟ?

ಈಗ ಆ ಬಸ್ಸು ಹತ್ತಿದಾಗ ಮೊದಲು ನೋಡುವುದು ಸೀಟುಗಳ ನಡುವಿನ ಜಾಗ, ಒಬ್ಬರನ್ನು ಅಂಗಾತ ಮಲಗಿಸಲು ಸಾಕೇ ಎಂದು. ಮೂಟೆ ಅಡ್ಡವಿದ್ದರೆ ಸರಿಸುತ್ತೇನೆ. "ಯಾಕೆ ಸಾರ್, ಪ್ರತಿ ಸಲ ನಿಮ್ಮದೊಂದು" ಎಂದು ಕಂಡಕ್ಟರು ಗೊಣಗುತ್ತಾರೆ.